ಪದದ ಅರ್ಥ ಗೊತ್ತಿದ್ದೂ ಮೇಲ್‌ನಲ್ಲಿ ತಪ್ಪಾಗುತ್ತಿದೆ. ನೋಟ್‌ಬುಕ್ ಹೇಗೆ ಬರೀಬೇಕು?

ಕಾಜಾಗುಂಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ತಿಪಟೂರು ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಅಲ್ಲಿಗೆ ಓದು ನಿಂತಿತು. ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಹೆಲ್ಪರ್ ಆಗಿ ಸೇರಿದೆ. ಆಮೇಲೆ ಟೈಲರ್, ಆಮೇಲೆ ಚೆಕಿಂಗ್. ಹದಿನಾಲ್ಕು ವರ್ಷ ಲೈನಿನಲ್ಲೇ ಕಳೆದು, ಹೋದ ಜೂನ್‌ನಿಂದ ಆಫೀಸಿನಲ್ಲಿ ಆರ್ಡರುಗಳನ್ನು ನೋಡಿಕೊಳ್ಳುವ ಮರ್ಚಂಡೈಸರ್ ಮೇಡಂಗೆ ಸಹಾಯಕಿಯಾಗಿದ್ದೇನೆ. ಬೈಯರ್‌ಗೆ ಹೋಗುವ ಮೇಲ್ ಮೊದಲು ನಾನು ಬರೀಬೇಕು, ಮೇಡಂ ತಿದ್ದಿ ಕಳಿಸುತ್ತಾರೆ.

ಅವತ್ತಿನಿಂದ ಒಂದು 200 ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ನಡುವೆ ಗೀಟು, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ ಹತ್ತು. ಬಸ್ಸಿನಲ್ಲಿ ಬಲಗಡೆಗೆ ಕೈ ಮುಚ್ಚಿಕೊಂಡು ಬಾಯಿಪಾಠ ಮಾಡುತ್ತೇನೆ. ರಜೆ, ಜ್ವರ ಎಲ್ಲ ಕಳೆದು 1,600 ಪದ ದಾಟಿದೆ. ಏಳನೇ ಕ್ಲಾಸಿನ ಮಗಳು ಎಲ್ಲಿಂದ ಕೇಳಿದರೂ ನೂರಕ್ಕೆ ತೊಂಬತ್ತು ಹೇಳುತ್ತೇನೆ.

ಹೋದ ತಿಂಗಳು ಏನಾಯಿತು ಅಂದರೆ, ಒಂದು ಜಾಕೆಟ್ ಆರ್ಡರಿಗೆ ಬಂದ ಜಿಪ್ಪಿನ ಟೇಪು ಬಟ್ಟೆಯ ಬಣ್ಣಕ್ಕೆ ಕೂಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಬಟ್ಟೆ ನೋಡಿದ ಕಣ್ಣು, ಒಂದು ಎಳೆ ಬೇರೆ ಇದ್ದರೂ ಗೊತ್ತಾಗುತ್ತೆ. ಬೇರೆ ಲಾಟ್, ಅಂದರೆ ಬೇರೆ ಸಲ ತಯಾರಾದ ಸರಕು, ಸೇರಿಕೊಂಡಿದೆ ಅಂತ ನನಗೆ ಅನುಮಾನ ಬಂತು. ಅವತ್ತು ಮೇಡಂ ರಜೆ. ನಾನೇ ಬರೆದು ಕಳಿಸಿದೆ: ‘ವೀ ಡೌಟ್ ದಟ್ ದಿ ಜಿಪ್ಪರ್ಸ್ ಆರ್ ಫ್ರಮ್ ಎ ಡಿಫರೆಂಟ್ ಲಾಟ್.’ ನನ್ನ ನೋಟ್‌ಬುಕ್‌ನಲ್ಲಿ ‘ಡೌಟ್ – ಅನುಮಾನ’ ಅಂತಲೇ ಇದೆ. ಆ ಕಡೆಯಿಂದ ಬಂದ ಉತ್ತರ: ಸಂತೋಷ, ಹಾಗಾದರೆ ಮುಂದುವರಿಸಿ.

ಮಾರನೇ ದಿನ ಮೇಡಂ ಬಂದು ಓದಿ ಲೈನ್ ನಿಲ್ಲಿಸಿದರು. ಅಷ್ಟರಲ್ಲಿ 60 ಪೀಸಿಗೆ ಜಿಪ್ ಹಾಕಿಯಾಗಿತ್ತು. ಅದನ್ನೆಲ್ಲ ಬಿಚ್ಚಿದ್ದು ನಾನು ಇಷ್ಟು ವರ್ಷ ಪಕ್ಕದಲ್ಲಿ ಕೂತು ಊಟ ಮಾಡಿದ ಹುಡುಗಿಯರು. ಆ ಹೊತ್ತಿನ ಟಾರ್ಗೆಟ್ ಅವರಿಗೆ ತಪ್ಪಿತು, ಬೈಸಿಕೊಂಡವರೂ ಅವರೇ. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅದೇ ನನಗೆ ಇನ್ನೂ ಕುಟುಕುತ್ತಿದೆ.

ಅರ್ಥ ಸರಿಯಾಗೇ ಕಲಿತಿದ್ದೆ. ಹಾಗಾದರೆ ತಪ್ಪಿದ್ದು ಎಲ್ಲಿ? ಕ್ಲಾಸಿಗೆ ಹೋಗುವಷ್ಟು ಬಿಡುವಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮುಕ್ಕಾಲು ಗಂಟೆ ಸಿಗುತ್ತೆ. ಅಷ್ಟರಲ್ಲಿ ಏನು ಮಾಡಬಹುದು, ಗೊತ್ತಿರುವವರು ದಯವಿಟ್ಟು ಹೇಳಿ.


ಸಾಗರದ ಮೇಷ್ಟ್ರು

ಅಮ್ಮಾ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನೀವು ಬರೆದುಕೊಂಡ ಅರ್ಥ ತಪ್ಪಲ್ಲ, ಅರ್ಧ. ಆ ಅರ್ಧ ಬಾಯಿಪಾಠ ಮಾಡಿಸಿದವರು ನಮ್ಮಂಥ ಮೇಷ್ಟರುಗಳೇ. ಬೋರ್ಡಿನ ಮೇಲೆ ಎರಡು ಸಾಲು ಎಳೆದು ಪದ, ಅರ್ಥ ಬರೆಸಿ ಮುಗಿಸುತ್ತಿದ್ದೆವು.

ನಮ್ಮ ‘ಅನುಮಾನ’ವನ್ನೇ ನೋಡಿ. ‘ಇವತ್ತು ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ ಅಂತ. ‘ಅವನೇ ತಗೊಂಡಿದಾನೆ ಅಂತ ನನಗೆ ಅನುಮಾನ’ ಅಂದರೆ ತಗೊಂಡಿದ್ದಾನೆ ಅಂತಲೇ ಮನಸ್ಸು ವಾಲಿದೆ. ಒಂದೇ ಪದ, ಎರಡು ತದ್ವಿರುದ್ಧ ದಿಕ್ಕು. ಕನ್ನಡದಲ್ಲಿ ನಮಗೆ ಗೊಂದಲ ಆಗುವುದೇ ಇಲ್ಲ, ಯಾಕೆಂದರೆ ಉಳಿದ ವಾಕ್ಯ ಕೈಹಿಡಿದು ದಾರಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ಡೌಟ್, ಎರಡನೆಯದು ಸಸ್ಪೆಕ್ಟ್. ನೀವು ಬರೆಯಬೇಕಾಗಿದ್ದದ್ದು ‘ವೀ ಸಸ್ಪೆಕ್ಟ್’. ನೀವು ಬರೆದಿದ್ದನ್ನು ಬೈಯರ್ ಓದಿಕೊಂಡದ್ದು ‘ಬೇರೆ ಲಾಟ್ ಇರಲಿಕ್ಕಿಲ್ಲ’ ಎಂದು. ಸಾಲದ್ದಕ್ಕೆ ‘ಸಾರ್, ಒಂದು ಡೌಟು’ ಅಂತ ಪ್ರಶ್ನೆಗೂ ಅದೇ ಪದ ಬಳಸಿ ಬಳಸಿ ಅದು ಮನೆಯ ಪದವೇ ಆಗಿಹೋಗಿದೆ. ಮನೆಯ ಪದಕ್ಕೆ ಯಾರು ನಿಘಂಟು ತೆಗೆಯುತ್ತಾರೆ? ಹೀಗೆ ಪರಿಚಿತವಾದ ಪದಗಳೇ ಹೆಚ್ಚು ಮೋಸ ಮಾಡುವುದು.

ಇನ್ನು ಮೇಲೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ನೋಡಿ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಓದಿದರೆ ಏನು ತಿಳಿದೀತು ಅಂತ ಹೆದರಬೇಡಿ. ಆ ಹೆದರಿಕೆಗೆ ಉತ್ತರ ಹುಟ್ಟಿದ್ದು ನಮ್ಮ ಉಪಖಂಡದಲ್ಲೇ. ಮೈಕೇಲ್ ವೆಸ್ಟ್ ಎಂಬವರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುತ್ತಿದ್ದ ಪಾಡನ್ನು ಹತ್ತಿರದಿಂದ ಕಂಡವರು. 1935ರಲ್ಲಿ ಅವರು ತಂದ ನಿಘಂಟಿನಲ್ಲಿ ಸಾವಿರಾರು ಪದಗಳ ಅರ್ಥ ಹೇಳಲು ಬಳಸಿದ್ದು ಬರೀ 1,490 ಪದ. ಅಷ್ಟು ಕಲಿತವರು ಉಳಿದದ್ದನ್ನು ತಾವೇ ಓದಿಕೊಳ್ಳಬಹುದು. 1978ರ ಲಾಂಗ್‌ಮನ್ ನಿಘಂಟು ಇದೇ ದಾರಿ ಹಿಡಿದು ಸುಮಾರು 2,000 ಪದಗಳಲ್ಲಿ ಎಲ್ಲ ವಿವರಣೆ ಕೊಟ್ಟಿತು. ನೀವು 1,600 ಪದ ಕಲಿತಿದ್ದೀರಿ, ಬಾಗಿಲ ಹತ್ತಿರವೇ ಇದ್ದೀರಿ. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಅವರ ತಂಡ ತಂದ ಕೋಬಿಲ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಅದು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ಅಮ್ಮ ಮಗುವಿಗೆ ಬಿಡಿಸಿ ಹೇಳಿದ ಹಾಗೆ. ಉದಾಹರಣೆಗಳೂ ಜನ ನಿಜವಾಗಿ ಬರೆದ, ಆಡಿದ ಮಾತಿನಿಂದ ಆರಿಸಿದವು. ಈ ಬಗೆಯ ನಿಘಂಟುಗಳು ಈಗ ಫೋನಿನಲ್ಲೇ ದುಡ್ಡಿಲ್ಲದೆ ಸಿಗುತ್ತವೆ.

ನೋಟ್‌ಬುಕ್ಕನ್ನು ತಿರುಗಿಸಿಬಿಡಿ. ಪುಟದ ತಲೆಯ ಮೇಲೆ ಕನ್ನಡ ಪದ ಬರೆಯಿರಿ, ಅದು ಇಂಗ್ಲಿಷಿನಲ್ಲಿ ಎಷ್ಟು ಹೋಳಾಗುತ್ತದೆ ನೋಡಿ. ‘ಕೇಳು’ ಎಂದು ಬರೆದರೆ ಕೆಳಗೆ ಆಸ್ಕ್, ಹಿಯರ್, ಲಿಸನ್ ಮೂರೂ ಬರಬೇಕು: ದಾರಿ ಕೇಳಿದೆ, ಸದ್ದು ಕೇಳಿತು, ಹಾಡು ಕೇಳಿದೆ. ಪ್ರತಿಯೊಂದರ ಮುಂದೆ ನಿಘಂಟಿನ ಒಂದು ವಾಕ್ಯ, ಅದರ ಕೆಳಗೆ ನಿಮ್ಮ ಕೆಲಸದಿಂದಲೇ ಹುಟ್ಟಿದ ಒಂದು ವಾಕ್ಯ. ಎರಡನೆಯದು ಬರೆಯಲು ಆಗದಿದ್ದರೆ ಆ ಪದ ಇನ್ನೂ ನಿಮ್ಮದಾಗಿಲ್ಲ, ಮುಂದಕ್ಕೆ ಹೋಗಬೇಡಿ.

ಒಂದು ವಿಷಯ ತಿಳಿಯುವ ಆಸೆ. ನಿಮ್ಮ ಕೆಲಸದಲ್ಲಿ ಹೊಲಿಗೆಯ ತಪ್ಪುಗಳಿಗೆ ಇಂಗ್ಲಿಷ್ ಹೆಸರುಗಳಿರುತ್ತವಲ್ಲ, ಅವನ್ನು ಯಾವ ನೋಟ್‌ಬುಕ್ಕಿನಿಂದ ಕಲಿತಿರಿ?


ಲೀಡ್ಸ್‌ನಲ್ಲಿರುವ ಹಾಸನದ ನರ್ಸ್

ಅಕ್ಕಾ, ನಿಮ್ಮ 60 ಪೀಸಿನ ಕಥೆ ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ನಾನೂ ಪಟ್ಟಿ ಬಾಯಿಪಾಠ ಮಾಡಿಯೇ ಪರೀಕ್ಷೆ ಪಾಸಾಗಿ ಇಲ್ಲಿಗೆ ಬಂದವಳು. ಮೊದಲ ವಾರ ವಾರ್ಡಿನಲ್ಲಿ ಒಬ್ಬರು ಅಜ್ಜಿ ‘ಐ ಫೀಲ್ ಪೂರ್ಲಿ’ ಅಂದರು. ಪೂರ್ ಅಂದರೆ ಬಡವ, ಪೂರ್ಲಿ ಅಂದರೆ ಸರಿಯಾಗಿ ಅಲ್ಲದ ಹಾಗೆ ಅಂತ ನನ್ನ ಪಟ್ಟಿಯಲ್ಲಿತ್ತು. ಇಲ್ಲಿನವರ ಬಾಯಲ್ಲಿ ಅದು ‘ಮೈ ಹುಷಾರಿಲ್ಲ’ ಅಂತ. ನಿಘಂಟಿನಲ್ಲಿ ಅದನ್ನೂ ಕೊಟ್ಟಿದ್ದಾರೆ, ಬ್ರಿಟಿಷರ ಬಳಕೆ ಅಂತ ಗುರುತು ಹಾಕಿ, ಉದಾಹರಣೆಯ ಜೊತೆ. ನಾನು ಅಷ್ಟು ಕೆಳಗಿನವರೆಗೆ ಓದಿರಲೇ ಇಲ್ಲ. ಮೊದಲ ಅರ್ಥ ಸಿಕ್ಕ ಕೂಡಲೇ ಮುಚ್ಚಿಬಿಡುತ್ತಿದ್ದೆ.

‘ಕಂಪ್ಲೇನ್’ ಕೂಡ ಹಾಗೇ. ನಮ್ಮಲ್ಲಿ ಕಂಪ್ಲೇಂಟ್ ಅಂದರೆ ಸ್ಟೇಷನ್ನಿಗೋ ಹೆಡ್‌ಮಾಸ್ಟರಿಗೋ ಕೊಡುವ ದೂರು. ಕೇಸ್ ಶೀಟಿನಲ್ಲಿ ‘ಕಂಪ್ಲೇನಿಂಗ್ ಆಫ್ ಚೆಸ್ಟ್ ಪೇನ್’ ಅಂದರೆ ಎದೆನೋವು ಅಂತ ಹೇಳುತ್ತಿದ್ದಾರೆ, ಅಷ್ಟೆ. ಇಲ್ಲಿ ಪದಕ್ಕಿಂತ ‘ಆಫ್’ ಮುಖ್ಯ. ‘ಅಬೌಟ್’ ಬಂದರೆ ದೂರು, ನೋವಿನ ಹೆಸರಿನ ಜೊತೆ ‘ಆಫ್’ ಬಂದರೆ ಕಾಯಿಲೆಯ ಲಕ್ಷಣ. ಪಟ್ಟಿಯಲ್ಲಿ ಈ ಪುಟ್ಟ ಪದಗಳು ಎಲ್ಲಿರುತ್ತವೆ? ವಾಕ್ಯ ಬರೆದುಕೊಂಡರೆ ಮಾತ್ರ ಕಣ್ಣಿಗೆ ಬೀಳೋದು.

ನಾನು ಮಾಡಿಕೊಂಡ ದಾರಿ ಇದು. ರಟ್ಟಿನ ಚೀಟಿ, ಒಂದು ಕಡೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಹಿಂದುಗಡೆ ಪದ. ಮೂರು ಸ್ವೀಟ್ ಡಬ್ಬಿ. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಇದು 1972ರಲ್ಲಿ ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಉಪಾಯ ಅಂತ ಆಮೇಲೆ ತಿಳಿಯಿತು. ಫೋನಿನಲ್ಲಿ ಸಿಗುವ ಆ್ಯಂಕಿ ಅನ್ನೋ ಆ್ಯಪ್ ಕೂಡ ಮರೆಯುವ ಹೊತ್ತಿಗೆ ಮತ್ತೆ ಮುಂದೆ ತರುವ ಇದೇ ಕೆಲಸ ಮಾಡುತ್ತೆ. ಆದರೆ ಬೇರೆಯವರು ಮಾಡಿಟ್ಟ ಚೀಟಿಗಳನ್ನು ಇಳಿಸಿಕೊಳ್ಳಬೇಡಿ ಅಕ್ಕಾ, ಅವರ ವಾಕ್ಯದಲ್ಲಿ ನಿಮ್ಮ ಜಿಪ್ ಇರಲ್ಲ. ಮತ್ತೆ ದಿನಕ್ಕೆ ಹತ್ತು ಜಾಸ್ತಿಯಾಯ್ತು. ಡ್ಯೂಟಿ ಮುಗಿಸಿ ಬಂದ ದಿನ ನನಗೆ ಮೂರರ ಮೇಲೆ ಆಗುತ್ತಿರಲಿಲ್ಲ.


ರೋಣದಾಂವ

ಅಕ್ಕಾರ, ಮಾಸ್ತರು ಹೇಳಿದ್ದು ಖರೇ ಐತ್ರಿ. ಆದ್ರ ಕನ್ನಡ ಅರ್ಥ ಬರಿಯೂದ ಬಿಡ್ರಿ ಅಂತ ಯಾರರ ಅಂದ್ರ ಕೇಳಬ್ಯಾಡ್ರಿ. ನಾ ಬ್ಯಾಂಕ್ ಪರೀಕ್ಷಾಕ ಓದಾಕತ್ತೀನಿ. ‘ಈವ್ಸ್’ ಅಂತ ಒಂದ ಪದ ಬಂತು. ಇಂಗ್ಲಿಷ್ ನಿಘಂಟು ನೋಡಿದ್ರ, ಗ್ವಾಡಿ ದಾಟಿ ಹೊರಗ ಚಾಚಿದ ಚಾವಣಿ ಅಂಚು ಅಂತ ಒಂದ ಸಾಲ ಉದ್ದ ಐತಿ. ಮೂರ ಸಲ ಓದೀನಿ. ‘ಸೂರು’ ಅಂದಿದ್ರ ಮುಗೀತಿತ್ತು. ಕಣ್ಣಿಗಿ ಕಾಣೂ ವಸ್ತುಕ್ಕ ಕನ್ನಡ ಪದಾನ ಬೆಸ್ಟ್. ಮನಸಿನ್ಯಾಗಿನ ಮಾತು, ಮಾಡೂ ಕೆಲಸ, ಇವಕ್ಕ ವಾಕ್ಯ ಬೇಕ.

ಮತ್ತ ಹೋಳಾಗೂದು ನಮ್ಮ ಪದ ಅಷ್ಟ ಅಲ್ರಿ. ‘ವಿನ್ನೋ’ ನೋಡ್ರಿ. ನಾವು ಗಾಳಿಗಿ ರಾಶಿ ತೂರೂದ ಬ್ಯಾರೆ, ಮರದಾಗ ಹಾಕಿ ಕೇರೂದ ಬ್ಯಾರೆ. ಇಂಗ್ಲಿಷಿನ್ಯಾಗ ಎರಡಕ್ಕೂ ಅದ ಒಂದ. ಅದನ್ನೂ ಬರಕೋರಿ, ನಮ್ಮಲ್ಲಿ ಎಷ್ಟ ಐತಿ ಅಂತ ತಿಳೀತೈತಿ.


ಕಾಜಾಗುಂಡಿ

ಐದು ವಾರ ಆಯ್ತು, ಏನಾಯಿತು ಅಂತ ತಿಳಿಸಬೇಕು ಅನ್ನಿಸಿತು. ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ‘ಪಕ್ಕರಿಂಗ್’ ಅನ್ನೋ ಪದ ನಾನು ಎಲ್ಲೂ ಬರೆದೇ ಇಲ್ಲ. ಮೊದಲ ತಿಂಗಳು ಸೂಪರ್‌ವೈಸರ್ ಅಣ್ಣ ನನ್ನ ಪೀಸನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಪಕ್ಕ ಬಟ್ಟೆ ಸುಕ್ಕು ಹಿಡಿದದ್ದನ್ನು ಬೆರಳಲ್ಲಿ ತೋರಿಸಿ, ‘ಪಕ್ಕರಿಂಗ್ ಬರ್ತಿದೆ ನೋಡಮ್ಮ, ಟೆನ್ಷನ್ ಸಡಿಲ ಮಾಡು’ ಅಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಮರೆತಿಲ್ಲ. ಪದ, ಅದು ಬಂದ ವಾಕ್ಯ, ಬೆರಳು ತೋರಿಸಿದ ಜಾಗ, ಎಲ್ಲ ಒಟ್ಟಿಗೇ ಇದೆ. ಟೆನ್ಷನ್ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗೋದು ದಾರದ ಬಿಗಿ.

ಹೊಸ ನೋಟ್‌ಬುಕ್ ಮಾಡಿದ್ದೇನೆ. ಮೊದಲ ಪುಟ ‘ಅನುಮಾನ’. ಎರಡನೆಯದು ‘ಬಿಡು’, ಅದು ಎರಡು ಪುಟ ತುಂಬಿತು. ಮಷೀನು ಒಂದು ಹೊಲಿಗೆ ಬಿಟ್ಟಿದೆ ಅಂದರೆ ಸ್ಕಿಪ್. ಒಗೆದಾಗ ಬಟ್ಟೆ ಬಣ್ಣ ಬಿಡುತ್ತೆ ಅಂದರೆ ಬ್ಲೀಡ್, ರಕ್ತ ಸುರಿಯುವುದಕ್ಕೆ ಬಳಸುವ ಅದೇ ಪದ. ಊರು ಬಿಟ್ಟೆ ಅಂದರೆ ಲೀವ್. ನನ್ನನ್ನು ಒಳಗೆ ಬಿಡಿ ಅಂದರೆ ಲೆಟ್. ಇವೆಲ್ಲ ನನ್ನ ಹಳೇ ಪಟ್ಟಿಯಲ್ಲಿ ಬೇರೆ ಬೇರೆ ಪುಟದಲ್ಲಿದ್ದವು, ಒಂದಕ್ಕೊಂದು ನಂಟೇ ಕಂಡಿರಲಿಲ್ಲ. ದಿನಕ್ಕೆ ಮೂರೇ ಪದ. ನರ್ಸ್ ತಂಗಿ ಹೇಳಿದ ಡಬ್ಬಿಗಳು ಅಡುಗೆಮನೆಯ ಕಿಟಕಿ ಮೇಲಿವೆ, ಮಗಳು ತನ್ನ ಚೀಟಿಗಳನ್ನೂ ಸೇರಿಸಿದ್ದಾಳೆ. ರೋಣದ ತಮ್ಮ, ಸೂಜಿ, ಕತ್ತರಿ, ಕಾಜಾ ಇವಕ್ಕೆ ನೀವು ಹೇಳಿದಂತೆ ಕನ್ನಡವನ್ನೇ ಬರೆದಿದ್ದೇನೆ.

ಹಳೇ ಮೇಲ್‌ಗಳನ್ನು ಮತ್ತೆ ಓದುತ್ತಿದ್ದಾಗ ಒಂದು ಸಿಕ್ಕಿ ಎದೆ ಝಲ್ ಅಂದಿತು. ‘ಪ್ಲೀಸ್ ರಿವರ್ಟ್ ಆನ್ ದಿ ಬಟನ್’ ಅಂತ ಎಷ್ಟು ಸಲ ಬರೆದಿದ್ದೇನೋ. ಗುಂಡಿಯ ಬಗ್ಗೆ ಉತ್ತರ ಕೊಡಿ ಅಂತ ನನ್ನ ಉದ್ದೇಶ, ಆಫೀಸಿನಲ್ಲಿ ಎಲ್ಲರೂ ಹಾಗೇ ಬರೀತಾರೆ. ಆದರೆ ನಿಘಂಟಿನಲ್ಲಿ ರಿವರ್ಟ್ ಅಂದರೆ ಮೊದಲಿದ್ದ ಸ್ಥಿತಿಗೆ ಮರಳುವುದು. ಅವರು ಅದನ್ನು ಹಳೇ ಗುಂಡಿಗೇ ಹಿಂತಿರುಗಿ ಅಂತ ಓದಿಕೊಂಡರೆ? ಮೇಷ್ಟ್ರೇ, ಇದು ತಪ್ಪೇ? ಮೇಡಂಗೆ ಹೇಳಲೋ ಬೇಡವೋ? ಅವರೂ ಅದನ್ನೇ ಬರೀತಾರೆ.


ಸಾಗರದ ಮೇಷ್ಟ್ರು

ಅದೇ ನಿಘಂಟಿನಲ್ಲಿ ಇನ್ನೂ ಸ್ವಲ್ಪ ಕೆಳಗೆ ಓದಿ ಅಮ್ಮಾ. ಕಲಿಯುವವರ ಕೆಲವು ನಿಘಂಟುಗಳಲ್ಲಿ ‘ಉತ್ತರಿಸು’ ಎಂಬ ಅರ್ಥವನ್ನೂ ಕೊಟ್ಟು ಭಾರತೀಯ ಇಂಗ್ಲಿಷ್ ಎಂದು ಗುರುತಿಸಿದ್ದಾರೆ. ಹಾಗಾಗಿ ನಮ್ಮ ನಮ್ಮೊಳಗೆ ಬರೆದರೆ ತಪ್ಪಲ್ಲ. ಹೊರದೇಶದ ಬೈಯರ್‌ಗೆ ‘ರಿಪ್ಲೈ’ ಎಂದೇ ಬರೆಯಿರಿ. ಮೇಡಂಗೆ ನಿಘಂಟಿನ ಆ ಪುಟವನ್ನೇ ತೆರೆದು, ‘ಇಲ್ಲಿ ಎರಡು ಅರ್ಥ ಇದೆ ಮೇಡಂ, ಬೈಯರ್ ಯಾವುದನ್ನು ತಗೋತಾರೆ?’ ಎಂದು ಕೇಳಿ.

ಈ ‘ಕೇಳಿ’ ಆಸ್ಕ್.