ಡಿ750 ಇಂದ ಮಿರರ್‌ಲೆಸ್‌ಗೆ: ನಿಕಾನ್‌ನಲ್ಲೇ ಉಳಿಯೋದಾ, ಸೋನಿಗೆ ಹಾರೋದಾ?

ಮುಹೂರ್ತ_ಫೋಕಸ್
ಮುಖ್ಯ ಕೆಲಸ ಮದುವೆ, ಬಿಡುವಾದಾಗ ಕಬಿನಿ ಸಫಾರಿ. ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್ ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗಬೇಕು ಅಂತಿದೀನಿ. ಈಗಿರೋದು ನಿಕಾನ್ ಡಿ750, 24-120 ಎಫ್/4 ಜಿ, 200-500 ಎಫ್/5.6, ಹಳೇ 50 ಮತ್ತು 85 ಎಂಎಂ 1.8 ಡಿ, ನಿಕಾನ್ ಮಾಡೆಲ್ (ನಿಕಾನ್‌ಗಂತಲೇ ಮಾಡಿದ) ಗೋಡಾಕ್ಸ್ ಫ್ಲಾಶ್ ಎರಡು. ಸೆಕೆಂಡ್ ಶೂಟರ್ (ಜೊತೆಗೆ ಫೋಟೋ ತೆಗೆಯೋ ಹುಡುಗ) ಹತ್ರ ಮಿರರ್‌ಲೆಸ್ ಸೋನಿ ಎ7 ಫೋರ್ ಇದೆ, "ನೀವೂ ಸೋನಿಗೆ ಬಂದುಬಿಡಿ" ಅಂತಾನೆ. ಆಲ್ಬಂ ಮಾಡೋರು "ಸ್ಕಿನ್ ಟೋನ್ ಬೇಕಂದ್ರೆ ಕ್ಯಾನನ್ನೇ" ಅಂತಾರೆ. ಫ್ಯಾನ್ ವಾರ್ ಬೇಡ. ಇರೋ ಸಾಮಾನಲ್ಲಿ ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅನ್ನೋದನ್ನ ಹೇಳಿ.

ಮೌಂಟ್_ಮೇಷ್ಟ್ರು
ಮೊದಲು ಡಿ ಲೆನ್ಸ್‌ಗಳ ಕಥೆ. 1986ರಲ್ಲಿ ಎಫ್-501 ತಂದಾಗ ನಿಕಾನ್ ಫೋಕಸ್ ಮೋಟಾರನ್ನ ಬಾಡಿಯಲ್ಲಿಟ್ಟು, ಮೌಂಟಿನಲ್ಲಿರೋ (ಲೆನ್ಸ್ ಬಾಡಿಗೆ ಕೂರೋ ಜಾಗ) ಸಣ್ಣ ಸ್ಕ್ರೂನಿಂದ ಲೆನ್ಸ್ ತಿರುಗಿಸಿತು. ಮರುವರ್ಷ ಕ್ಯಾನನ್ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಇಎಫ್ ತಂದಿತು, ಮೋಟಾರನ್ನ ಲೆನ್ಸ್ ಒಳಗೇ ಇಟ್ಟಿತು. ಆಗ ಕ್ಯಾನನ್‌ನವರ ಎಫ್‌ಡಿ ಲೆನ್ಸ್‌ಗಳೆಲ್ಲ ಮೂಲೆ ಸೇರಿದವು. ಲಾಭ ಈಗ ಕಾಣ್ತಿದೆ: ಇಎಫ್ ಲೆನ್ಸ್‌ಗೆ ಅಡಾಪ್ಟರ್ ಹಾಕಿ ಕ್ಯಾನನ್‌ನ ಮಿರರ್‌ಲೆಸ್ ಆರ್ ಬಾಡಿಗೆ ಕೂರಿಸಿದರೆ ಆಟೋಫೋಕಸ್ ಸಲೀಸಾಗಿ ಆಗುತ್ತೆ. ನಿಮ್ಮ 50, 85 ಡಿ ನಿಕಾನ್‌ನ ಮಿರರ್‌ಲೆಸ್ ಝಡ್ ಬಾಡಿ ಮೇಲೆ ಆಟೋಫೋಕಸ್ ಆಗಲ್ಲ, ಹಳೇ ಲೆನ್ಸನ್ನ ಝಡ್‌ಗೆ ಕೂರಿಸೋ ಎಫ್‌ಟಿಝಡ್ ಅಡಾಪ್ಟರಲ್ಲಿ ಆ ಸ್ಕ್ರೂ ತಿರುಗಿಸೋ ಮೋಟಾರೇ ಇಲ್ಲ. ಮೀಟರಿಂಗ್, ಅಂದ್ರೆ ಬೆಳಕಿನ ಅಳತೆ, ಸರಿ ಇರುತ್ತೆ (ಅಪರ್ಚರ್ ರಿಂಗನ್ನ ಕಿತ್ತಳೆ ಬಣ್ಣದ ಕೊನೇ ಸಂಖ್ಯೆಗೆ ಲಾಕ್ ಮಾಡಿಡಿ), ಫೋಕಸ್ ಮಾತ್ರ ಕೈಯಲ್ಲಿ. ಮಾಂಗಲ್ಯಧಾರಣೆ ಹೊತ್ತಲ್ಲಿ ಆ ಆಟ ಬೇಡ, ಎರಡನ್ನೂ ಮಾರಿ.

24-120, 200-500 ಎರಡರಲ್ಲೂ ಮೋಟಾರಿದೆ, ವಿಆರ್ (ಕೈ ನಡುಕ ಸರಿಪಡಿಸೋದು) ಸಮೇತ ಕೆಲಸ ಮಾಡ್ತವೆ. 200-500ಗೆ ಎಫ್‌ಟಿಝಡ್ ಟೂ ತಗೊಳ್ಳಿ. ಮೊದಲನೇ ಎಫ್‌ಟಿಝಡ್‌ಗೆ ಟ್ರೈಪಾಡ್ ಕಾಲು ಇದ್ದು, ಬ್ಯಾಟರಿ ಗ್ರಿಪ್‌ಗೆ ಅಡ್ಡ ಬರುತ್ತೆ. ಜೀಪಿನಲ್ಲಿ ಬೀನ್‌ಬ್ಯಾಗ್ ಮೇಲೆ ಭಾರ ಲೆನ್ಸಿನ ಮೇಲೇ ಕೂರಬೇಕು. ಬಾಡಿ ಹಿಡಿದು ಎತ್ತಿದರೆ ಎರಡು ಕಿಲೋ ಭಾರ ಅಡಾಪ್ಟರಿನ ಎರಡೂ ಮೌಂಟ್‌ಗಳ ಮೇಲೆ ಬೀಳುತ್ತೆ.

ನಿಕಾನ್ ಝಡ್6 ಥ್ರೀಗೆ ಹೋದರೆ ಡಿ750ಯ ಹಳೇ ಇಎನ್-ಇಎಲ್15 ಬ್ಯಾಟರಿ ಹಾಕಬಹುದು, ಆದರೆ ಬೇಗ ಖಾಲಿ. ಕ್ಯಾಮೆರಾದಲ್ಲೇ ಯುಎಸ್‌ಬಿ ಚಾರ್ಜ್ ಬೇಕಂದ್ರೆ 15ಬಿ ಅಥವಾ 15ಸಿ ಬೇಕು.

ಧಾರೆ_ಕ್ಲಿಕ್
ಮೇಷ್ಟ್ರೇ, ಲೆಕ್ಕ ಸರಿ, ಆದರೆ ಮದುವೆ ಕಡೆಯಿಂದಲೂ ನೋಡಿ. ಇಬ್ಬರೂ ಸೋನಿ ಆದರೆ ಲೆನ್ಸ್, ಎನ್‌ಪಿ-ಎಫ್‌ಝಡ್100 ಬ್ಯಾಟರಿ, ಕಾರ್ಡ್ ಎಲ್ಲ ಅದಲು ಬದಲು ಆಗುತ್ತೆ. ವೇಗದ ಕಾರ್ಡ್ ಸೋನಿಯದು ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಎ, ನಿಕಾನ್‌ದು ಟೈಪ್ ಬಿ. ಒಂದರದ್ದು ಇನ್ನೊಂದಕ್ಕೆ ಹೋಗಲ್ಲ, ಇಬ್ಬರಿಗೂ ಆಗೋದು ಎಸ್‌ಡಿ ಮಾತ್ರ. ಸಿಗ್ಮಾ, ಟ್ಯಾಮ್ರಾನ್ ಲೆನ್ಸ್ ಸೋನಿ ಇ ಮೌಂಟಿಗೆ ಸಿಕ್ಕಷ್ಟು ಬೇರೆಲ್ಲೂ ಸಿಗಲ್ಲ. ಎ1, ಎ9 ಬಾಡಿಗಳಲ್ಲಿ ಹೊರಗಿನ ಕಂಪನಿ ಲೆನ್ಸಿಗೆ ಸೆಕೆಂಡಿಗೆ 15 ಫ್ರೇಮಿನ ಮಿತಿ ಇದೆ ನಿಜ. ಆದರೆ ಅಕ್ಷತೆ ಹಾಕೋಕೆ 15 ಸಾಲಲ್ಲ ಅಂದ್ರೆ ತಪ್ಪು ಕ್ಯಾಮೆರಾದ್ದಲ್ಲ!

ಕ್ಯಾನನ್‌ಗೆ ಈಗ ಹೊಸದಾಗಿ ಹೋಗಿ ಅನ್ನಲ್ಲ. ಅವರ ಮಿರರ್‌ಲೆಸ್ ಮೌಂಟ್ ಆರ್‌ಎಫ್‌ಗೆ ಸಿಗ್ಮಾ, ಟ್ಯಾಮ್ರಾನ್ 2024ರಲ್ಲಿ ಬಂದರೂ ಶುರುವಾಗಿದ್ದು ಎಪಿಎಸ್-ಸಿ (ಸಣ್ಣ ಸೆನ್ಸರಿನ) ಲೆನ್ಸ್‌ಗಳಿಂದ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಹೆಚ್ಚಾಗಿ ಕ್ಯಾನನ್ ಹೇಳಿದ್ದೇ ಬೆಲೆ.

ಮೌಂಟ್_ಮೇಷ್ಟ್ರು
ನಿಕಾನ್‌ನಲ್ಲೇ ಉಳಿದರೂ ಸೆಕೆಂಡ್ ಶೂಟರ್‌ನಿಂದ ಲೆನ್ಸ್ ಸಾಲಕ್ಕೆ ದಾರಿ ಇದೆ. ಸೆನ್ಸರಿನಿಂದ ಮೌಂಟಿಗೆ ಇರೋ ದೂರ ಸೋನಿಯಲ್ಲಿ 18 ಎಂಎಂ, ಝಡ್‌ನಲ್ಲಿ 16. ಉಳಿದ 2 ಎಂಎಂ ಜಾಗದಲ್ಲಿ ತೆಳ್ಳನೆ ಎಲೆಕ್ಟ್ರಾನಿಕ್ ಅಡಾಪ್ಟರ್ ಕೂರುತ್ತೆ, ಹಾಗಾಗಿ ಅವನ ಇ ಮೌಂಟ್ ಲೆನ್ಸ್ ನಿಮ್ಮ ಝಡ್ ಮೇಲೆ ಆಟೋಫೋಕಸ್ ಸಮೇತ ಓಡುತ್ತೆ. ನಿಮ್ಮ ಝಡ್ ಲೆನ್ಸ್ ಅವನ ಸೋನಿಗೆ ಕೂರಲ್ಲ. ಹೊಸ ಲೆನ್ಸ್ ಬಂದಾಗ ಅಡಾಪ್ಟರಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕಾಗಬಹುದು, ಮದುವೆ ಹಿಂದಿನ ದಿನ ಹಾಕಿ ನೋಡಿ.

ಆಲ್ಬಂ_ಟೇಬಲ್
ಸ್ಕಿನ್ ಟೋನ್ ಜಗಳ ಬಹುಪಾಲು ಕ್ಯಾಮೆರಾವೇ ಬಣ್ಣ ಕೂಡಿಸಿ ಕೊಡೋ ಜೆಪೆಗ್‌ದು. ರಾ (ಸೆನ್ಸರಿನ ಕಚ್ಚಾ ಫೈಲ್) ತೆಗೆದರೆ ವ್ಯತ್ಯಾಸದ ದೊಡ್ಡ ಪಾಲು ಎಡಿಟಿಂಗ್‌ನ ಕಲರ್ ಪ್ರೊಫೈಲಿನಲ್ಲೇ ಹೋಗುತ್ತೆ. ಕೆಲಸ ಕೆಡೋದು ಒಂದೇ ಮಂಟಪದಲ್ಲಿ ಎರಡೂ ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ (ಬೆಳಕಿನ ಬಣ್ಣವನ್ನ ಕ್ಯಾಮೆರಾವೇ ಊಹಿಸಿ ಸರಿಮಾಡೋದು) ಇದ್ದಾಗ. ಅರಿಶಿನ ಶಾಸ್ತ್ರದಲ್ಲಿ ಹಳದಿ ಶಾಮಿಯಾನ, ಹಳದಿ ಸೀರೆ, ಮುಖದ ಮೇಲೂ ಅರಿಶಿನ. ಇಷ್ಟು ಹಳದಿ ಕಂಡ ಕ್ಯಾಮೆರಾ ನೀಲಿ ಕಡೆ ಎಳೆಯುತ್ತೆ, ಒಂದೊಂದು ಒಂದೊಂದು ಅಳತೆಗೆ. ಇಬ್ಬರೂ ವೈಟ್ ಬ್ಯಾಲೆನ್ಸನ್ನ ಒಂದೇ ಕೆಲ್ವಿನ್ ಸಂಖ್ಯೆಗೆ ಫಿಕ್ಸ್ ಮಾಡಿ. ಬೆಳಕು ಬದಲಾದಾಗೆಲ್ಲ ಎರಡೂ ಕ್ಯಾಮೆರಾದಲ್ಲಿ ಕಲರ್ ಚೆಕರಿನ (ಬಣ್ಣದ ಚೌಕಗಳಿರೋ ಕಾರ್ಡ್) ಒಂದೊಂದು ಫ್ರೇಮ್ ತೆಗೆಯಿರಿ. ಎರಡೂ ಗಡಿಯಾರ ಸೆಕೆಂಡ್ ಸಮೇತ ಒಂದೇ ಫೋನ್ ನೋಡಿ ಹೊಂದಿಸಿ, ಇಲ್ಲದಿದ್ರೆ ತಾಳಿ ಕಟ್ಟಿದ ಫೋಟೋ ಕಾಶಿಯಾತ್ರೆಗಿಂತ ಮೊದಲು ಬಂದು ಕೂರುತ್ತೆ.

ಮಂಟಪದ ಹಿಂದೆ ಎಲ್‌ಇಡಿ ವಾಲ್ ಇದ್ರೆ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬೇಡ, ಅಡ್ಡ ಪಟ್ಟೆ ಬರುತ್ತೆ. ಎ7 ಫೋರ್‌ನಲ್ಲಂತೂ ಸೆನ್ಸರ್ ಓದೋದು ನಿಧಾನ. ಮೆಕ್ಯಾನಿಕಲ್ ಶಟರ್ ಹಾಕಿ 1/100ರಿಂದ ಶುರು ಮಾಡಿ.

ಮುಹೂರ್ತ_ಫೋಕಸ್
ಫ್ಲಾಶ್ ಏನಾಗುತ್ತೆ?

ಧಾರೆ_ಕ್ಲಿಕ್
ಸೋನಿ ಬಾಡಿ ತಲೆ ಮೇಲೆ ನಿಕಾನ್ ಮಾಡೆಲ್ ಇಟ್ಟರೆ ಟಿಟಿಎಲ್ (ಫ್ಲಾಶ್ ಬೆಳಕನ್ನ ಕ್ಯಾಮೆರಾವೇ ಅಳೆದು ಹೊಂದಿಸೋದು), ಹೈಸ್ಪೀಡ್ ಸಿಂಕ್ (ವೇಗದ ಶಟರಿನಲ್ಲೂ ಫ್ಲಾಶ್) ಬರಲ್ಲ, ಶೂ ಪಿನ್‌ಗಳೇ ಬೇರೆ. ಸ್ಟ್ಯಾಂಡ್ ಮೇಲಿಟ್ಟರೆ ತೊಂದರೆ ಇಲ್ಲ: ಗೋಡಾಕ್ಸ್‌ನ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಎಕ್ಸ್ ಸಿಸ್ಟಂ ಮಾಡೆಲ್ ಆಗಿದ್ರೆ ಕ್ಯಾಮೆರಾ ಮೇಲೆ ಕೂರೋ ಟ್ರಿಗರ್ ಮಾತ್ರ ಕ್ಯಾಮೆರಾ ಬ್ರಾಂಡಿಂದಾದರೆ ಸಾಕು, ಟಿಟಿಎಲ್ ಕೂಡ ಸಿಗುತ್ತೆ. ಚಾನೆಲ್ ಜೊತೆ ಐಡಿಯನ್ನೂ ಹೊಂದಿಸಿ, ಇಲ್ಲದಿದ್ರೆ ಪಕ್ಕದ ಕಲ್ಯಾಣ ಮಂಟಪದವರ ಟ್ರಿಗರಿಗೆ ನಿಮ್ಮ ಫ್ಲಾಶ್ ಹೊಡೀತಿರುತ್ತೆ.