ಬೆಂಗಳೂರಿನಿಂದ ಧಾರವಾಡಕ್ಕೆ ಲಾರಿಯಲ್ಲಿ ಕುದುರೆ: ಕಟ್ಟುವುದು ಹೇಗೆ, ಏನೇನು ಪರೀಕ್ಷೆ ಬೇಕು?

ಜೀನುಗಾರ:
ಏಳು ವರ್ಷದ ಮಾರ್ವಾಡಿ ಹೆಣ್ಣು ಕುದುರೆಯನ್ನು ಏಪ್ರಿಲ್ ಕೊನೆಗೆ ಧಾರವಾಡಕ್ಕೆ ಸಾಗಿಸಬೇಕು, ಸುಮಾರು 430 ಕಿ.ಮೀ. ಕುದುರೆಗೆಂದೇ ಮಾಡಿದ ಟ್ರೇಲರ್ ಸಿಗುತ್ತಿಲ್ಲ, ಬಾಡಿಗೆ ಲಾರಿಯೇ ಗತಿ. ತಲೆ ಮೇಲೆತ್ತಿ ಗಿಡ್ಡಗೆ ಕಟ್ಟಿ, ಮಂಪರು ಬರುವ ಇಂಜೆಕ್ಷನ್ ಕೊಡಿಸಿ, ರಾತ್ರಿ ಒಂದೇ ಓಟಕ್ಕೆ ಮುಟ್ಟಿಸುತ್ತೇನೆ ಅನ್ನುತ್ತಾನೆ ಡ್ರೈವರ್. ಸರಿಯೇ? ನೀರು, ಮೇವಿನ ಲೆಕ್ಕ ಹೇಗೆ?

ಲಾಳಕೀಲು:
ರಾತ್ರಿ ಹೊರಡುವುದೊಂದು ಸರಿ. ಶಿರಾ, ಹಿರಿಯೂರು ಕಡೆಯ ಹಗಲು ಬಿಸಿಲಲ್ಲಿ ತಗಡಿನ ಲಾರಿ ಬೇಡವೇ ಬೇಡ. ಉಳಿದದ್ದು ಯಾವುದೂ ಒಪ್ಪತಕ್ಕದ್ದಲ್ಲ.

ತಲೆ ಮೇಲೆತ್ತಿ ಕಟ್ಟುವುದೇ ದೊಡ್ಡ ಅಪಾಯ. ಕುದುರೆಯ ಶ್ವಾಸನಾಳಕ್ಕೆ ಸೇರಿದ ಧೂಳು, ಲೋಳೆ ಹೊರಬರುವುದು ತಲೆ ತಗ್ಗಿಸಿದಾಗ. ಗಂಟೆಗಟ್ಟಲೆ ತಲೆ ಮೇಲೇ ಇದ್ದರೆ ಅದರೊಳಗಿನ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹಗ್ಗ ಎಷ್ಟು ಉದ್ದ ಇರಬೇಕೆಂದರೆ ಮೂತಿ ಎದೆಮಟ್ಟಕ್ಕಿಂತ ಕೆಳಗೆ ಇಳಿಯಬೇಕು, ಮುಂಗಾಲು ಮಾತ್ರ ಹಗ್ಗಕ್ಕೆ ಸಿಕ್ಕಬಾರದು. ಕುತ್ತಿಗೆಗೆ ಉರುಳು ಹಾಕಬೇಡಿ, ಹಾಲ್ಟರಿಗೇ (ತಲೆಗೆ ತೊಡಿಸುವ ಪಟ್ಟಿ) ಕಟ್ಟಿ. ಲಾರಿಯ ಕಬ್ಬಿಣದ ಬಳೆಗೆ ಮೊದಲು ಸೆಣಬಿನ ತೆಳು ಹುರಿ ಸುತ್ತಿ, ಆ ಹುರಿಗೆ ಹಗ್ಗ ಕಟ್ಟಿ; ಕುದುರೆ ಬಿದ್ದು ಜಗ್ಗಿದರೆ ಹುರಿ ಹರಿಯಬೇಕು, ಕತ್ತು ಮುರಿಯಬಾರದು. ತುದಿ ಎಳೆದರೆ ಬಿಚ್ಚುವ ಗಂಟೇ ಇರಲಿ.

1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆಗೆ ಪ್ರತ್ಯೇಕ ಅಧ್ಯಾಯವೇ ಇದೆ: ಜಾರದ ನೆಲಹಾಸು, ಬೀಳದಂತೆ ತಡೆಯಲು ಕನಿಷ್ಠ 8 ಸೆಂ.ಮೀ. ದಪ್ಪದ ಬಿದಿರು ಗಳ, ಹಿಂದೆ ಎರಡು ಗಟ್ಟಿ ಅಡ್ಡಪಟ್ಟಿ, ಎದುರು ವಾಹನಗಳಿಗೆ ಬೆದರದಂತೆ ಮುಖ ಎಡಕ್ಕೆ, ಜೊತೆಗೆ ಒಬ್ಬ ಆಳು, ವೇಗ ಗಂಟೆಗೆ 35 ಕಿ.ಮೀ. ಮೀರಕೂಡದು. ಈ ವೇಗದಲ್ಲಿ ಓಡುವುದಕ್ಕೇ ಹನ್ನೆರಡು ಗಂಟೆ ದಾಟುತ್ತದೆ, ಒಂದೇ ಓಟದ ಮಾತು ಎಲ್ಲಿಂದ ಬಂತು? ಚಿತ್ರದುರ್ಗ ಅಥವಾ ದಾವಣಗೆರೆಯಲ್ಲಿ ನೆರಳಿರುವ ಜಾಗ ಮೊದಲೇ ಗೊತ್ತುಮಾಡಿ, ಹಗಲು ಅಲ್ಲಿ ಇಳಿಸಿ, ಸಂಜೆ ಮತ್ತೆ ಹೊರಡಿ.

ಕಬ್ಬಿಣದ ತಳಕ್ಕೆ ಬರೀ ಹುಲ್ಲು ಹಾಸಿದರೆ ಲಾಳ ಜಾರುತ್ತದೆ. ರಬ್ಬರ್ ಮ್ಯಾಟ್, ಇಲ್ಲವೇ ಮೂರು ನಾಲ್ಕು ಇಂಚು ಒದ್ದೆ ಮರಳು, ಅದರ ಮೇಲೆ ಹುಲ್ಲು. ಹತ್ತಿಸಲು ಮಣ್ಣಿನ ದಿಣ್ಣೆ ಸಿಕ್ಕರೆ ಅದೇ ಮೇಲು. ಹಲಗೆಯಾದರೆ ಒಂದಡಿ ಎತ್ತರಕ್ಕೆ ಮೂರಡಿ ಉದ್ದ, ಅಂಚಿನಲ್ಲಿ ಗೊರಸು ಸಿಕ್ಕುವ ಸಂದು ಇರಕೂಡದು. ಹತ್ತಿಸಿದ ಮೇಲೆ ಮೊದಲು ಹಿಂದಿನ ಅಡ್ಡಪಟ್ಟಿ, ಆಮೇಲೆ ತಲೆಹಗ್ಗ. ಇಳಿಸುವಾಗ ತದ್ವಿರುದ್ಧ: ಮೊದಲು ತಲೆಹಗ್ಗ ಬಿಚ್ಚಿ, ನಂತರ ಹಿಂದೆ ತೆರೆಯಿರಿ. ಇದು ತಪ್ಪಿದರೆ ಕಟ್ಟಿದ ಕುದುರೆ ಹಿಂದಕ್ಕೆ ನುಗ್ಗಿ ಕುಸಿಯುತ್ತದೆ.

ಪಶುವೈದ್ಯ_ಹಾವೇರಿ:
ಮಂಪರು ಇಂಜೆಕ್ಷನ್ ಬಗ್ಗೆ: ರಕ್ತದೊತ್ತಡ ಇಳಿಯುತ್ತದೆ, ಕಾಲಿನ ಹಿಡಿತ ತಪ್ಪುತ್ತದೆ, ತಲೆ ಜೋಲುತ್ತದೆ. ಅಲುಗುವ ಲಾರಿಯಲ್ಲಿ ನಿಲ್ಲಬೇಕಾದ ಪ್ರಾಣಿಗೆ ಇದು ಬೇಡ. ಎರಡು ವಾರ ದಿನವೂ ನಿಂತ ಲಾರಿಗೆ ಹತ್ತಿಸಿ ಹುಲ್ಲು ತಿನ್ನಿಸಿ ಇಳಿಸಿ, ಅಭ್ಯಾಸವಾಗುತ್ತದೆ.

ಪ್ರಯಾಣಕ್ಕೆ ತಕ್ಕಂತಿದೆ ಎಂಬ ಪಶುವೈದ್ಯರ ಪ್ರಮಾಣಪತ್ರ ಕಡ್ಡಾಯ. ಗ್ಲ್ಯಾಂಡರ್ಸ್‌ಗೆ ರಕ್ತಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ರೋಗ. ವರದಿ ಬರಲು ಸಮಯ ಹಿಡಿಯುವುದರಿಂದ ಈಗಲೇ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ರಕ್ತ ಕೊಡಿಸಿ. ಧನುರ್ವಾಯು, ಇನ್‌ಫ್ಲುಯೆಂಜಾ ಲಸಿಕೆ ಬಾಕಿಯಿದ್ದರೆ ಹೊರಡುವ ಎರಡು ವಾರ ಮೊದಲೇ ಮುಗಿಸಿ.

ಮನೆಯಲ್ಲೇ ಮೂರು ದಿನ ಬೆಳಗ್ಗೆ ಅಳೆದು ಬರೆದಿಡಿ: ಗುದದ ಉಷ್ಣಾಂಶ 37.5ರಿಂದ 38.5 ಡಿಗ್ರಿ, ನಾಡಿ ನಿಮಿಷಕ್ಕೆ 28–44, ಉಸಿರು 8–16. ನಾಡಿ ದವಡೆಯ ಕೆಳಗೆ ಸಿಗುತ್ತದೆ. ಥರ್ಮಾಮೀಟರಿಗೆ ದಾರ ಕಟ್ಟಿ ಬಾಲಕ್ಕೆ ಸಿಕ್ಕಿಸಿ, ಒಳಗೆ ಎಳೆದುಕೊಂಡರೆ ಪೀಕಲಾಟ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು.

ಹಿಂದಿನ ದಿನದಿಂದ ಹುರುಳಿ, ಬೂಸಾ ಅರ್ಧಕ್ಕಿಳಿಸಿ, ಹುಲ್ಲು ಮಾತ್ರ ಎಂದಿನಂತೆ. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು. ಊರು ಬದಲಾದರೆ ನೀರಿನ ರುಚಿಗೆ ಮೂತಿ ತಿರುಗಿಸುವುದುಂಟು. ಮನೆಯ ನೀರನ್ನೇ ಕ್ಯಾನಿನಲ್ಲಿ ಒಯ್ಯಿರಿ, ಅಥವಾ ವಾರ ಮೊದಲೇ ಬಕೆಟ್ಟಿಗೆ ಚೂರು ಬೆಲ್ಲ ಹಾಕಿ ರೂಢಿಸಿ. ಮೂರು ನಾಲ್ಕು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನೀರು ಕೊಡಿ, ಹಗ್ಗ ಸಡಿಲಿಸಿ ಅರ್ಧ ಗಂಟೆ ತಲೆ ನೆಲಕ್ಕೆ ಇಳಿಸಲು ಬಿಡಿ.

ಜೀನುಗಾರ:
ಧನ್ಯವಾದ ಡಾಕ್ಟ್ರೇ. ಇನ್ನೆರಡು ಕೇಳ್ತೀನಿ. ಒದೆಯದಂತೆ ಹಿಂಗಾಲು ಕಟ್ಟಬಹುದೇ? ಹೊಟ್ಟೆನೋವು ಬಂದರೆ ಎಣ್ಣೆ ಕುಡಿಸಲೇ?

ಲಾಳಕೀಲು:
ಕಾಲು ಕಟ್ಟಲೇಬೇಡಿ. ತಿರುವಿನಲ್ಲಿ, ಬ್ರೇಕಿನಲ್ಲಿ ಕಾಲು ಅಗಲಿಸಿಯೇ ಅದು ಸಮತೋಲ ಹಿಡಿಯುವುದು. ಹಾಗೆಯೇ ಪಕ್ಕದ ಗಳಗಳನ್ನು ಮೈಗೆ ಒತ್ತಿ ಕಟ್ಟಬೇಡಿ, ನೆಲದವರೆಗೂ ಮುಚ್ಚಬೇಡಿ. ಹುಲ್ಲಿನ ಬಲೆ ಬೇಕಿದ್ದರೆ ಹುಲ್ಲನ್ನು ನೆನೆಸಿ ತುಂಬಿ. ಖಾಲಿಯಾದಾಗ ಕಾಲಿಗೆ ಸಿಕ್ಕದ ಎತ್ತರಕ್ಕೆ ಕಟ್ಟಿ.

ಸವಾರಿಪ್ರಿಯ:
ಬಲೆಯ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಎತ್ತರಕ್ಕೆ ಕಟ್ಟಿದರೆ ತಲೆ ಮೇಲೇ ಉಳಿಯುತ್ತದೆ, ಕಸ ಮೂಗಿಗೇ ಬೀಳುತ್ತದೆ. ಓಡುವಾಗ ಬಲೆ ಬೇಡ, ನಿಲ್ಲಿಸಿದಾಗ ನೆಲದ ಮೇಲೆ ಹುಲ್ಲು ಹಾಕಿದರೆ ತಿನ್ನುವುದೂ ಆಯಿತು, ತಲೆ ತಗ್ಗಿಸುವುದೂ ಆಯಿತು.

ಪಶುವೈದ್ಯ_ಹಾವೇರಿ:
ಸವಾರಿಪ್ರಿಯ ಹೇಳಿದ್ದೇ ವಾಸಿ, ನಿಲುಗಡೆ ತಪ್ಪಿಸದಿದ್ದರೆ.

ಎಣ್ಣೆ ವಿಚಾರ: ಗೊಟ್ಟದಲ್ಲಾಗಲಿ ಬಾಟಲಿಯಲ್ಲಾಗಲಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಕುದುರೆ ವಾಂತಿ ಮಾಡಲಾರದು, ಹೊಟ್ಟೆಗೆ ಕೊಳವೆ ಇಳಿಸುವುದು ವೈದ್ಯರ ಕೆಲಸ. ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಹೊರಳಾಡುವುದು, ಲದ್ದಿ ನಿಲ್ಲುವುದು ಕಂಡರೆ ಮೇವು ತೆಗೆದು, ನಾಡಿ ಎಣಿಸಿ ಫೋನ್ ಮಾಡಿ. ನಾಡಿ 60 ದಾಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ದಾರಿಯಲ್ಲಿ ಬರುವ ಊರುಗಳ ಪಶುವೈದ್ಯರ ನಂಬರ್ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಧಾರವಾಡ ತಲುಪಿದ ಮೇಲೆ ಮೊದಲು ನೀರು, ಹುಲ್ಲು. ಕಾಳು ಮಾರನೇ ದಿನದಿಂದ ಸ್ವಲ್ಪಸ್ವಲ್ಪ. ಮೂರು ದಿನ ಸವಾರಿ ಬೇಡ, ಬೆಳಗ್ಗೆ ಸಂಜೆ ಉಷ್ಣಾಂಶ ನೋಡಿ. 38.5 ದಾಟಿ ಮೇವು ಬಿಟ್ಟು ಮಂಕಾಗಿದ್ದರೆ, ಕೆಮ್ಮಿಲ್ಲದಿದ್ದರೂ ಶ್ವಾಸಕೋಶ ಪರೀಕ್ಷಿಸಲು ವೈದ್ಯರನ್ನು ಅಂದೇ ಕರೆಸಿ.