ಚಿಕ್ಕಮ್ಮನ ಎರಡು ಕೂಸುಗಳಿಗೆ ಏನಾಗಿತ್ತು? ತಿಳಿದವರು ಹೇಳಿ

ತಿಪಟೂರು ಕಡೆಯವಳು:

ಹೋದ ತಿಂಗಳು ನನ್ನ ಮಗಳ ನಾಮಕರಣ ಆಯಿತು. ಎಲ್ಲರೂ ತೊಟ್ಟಿಲ ಸುತ್ತ ಇದ್ದರು. ಚಿಕ್ಕಮ್ಮ ಮಾತ್ರ ಅಡುಗೆಮನೆ ಬಾಗಿಲಲ್ಲಿ ಕೂತಿದ್ದಳು. ಕರೆದರೂ ಬರಲಿಲ್ಲ. ಯಾಕೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಅವಳು ಸೋದರಮಾವನನ್ನೇ ಮದುವೆಯಾದವಳು. 1984ರಲ್ಲಿ ಮೊದಲ ಗಂಡು ಕೂಸು ಒಂಬತ್ತನೇ ದಿನ ಹೋಯಿತು. 1986ರಲ್ಲಿ ಇನ್ನೊಂದು, ಮೂರು ವಾರಕ್ಕೆ. ಎರಡೂ ಬೆಳಗಿನ ಜಾವ, ಅವಳ ಮಗ್ಗುಲಲ್ಲೇ. ಮೊದಲನೆಯದಕ್ಕೆ ಅಜ್ಜಿ ಬಾಲಗ್ರಹ ಅಂದರು. ಎರಡನೆಯದಕ್ಕೆ ಊರೇ ಅಂದಿತು, ನಿದ್ದೆಗಣ್ಣಲ್ಲಿ ಹೊರಳಿ ಅಮುಕಿಬಿಟ್ಟಳು ಅಂತ. ಅದಕ್ಕಿಂತ ಕೆಟ್ಟದ್ದನ್ನೂ ಕೆಲವರು ಅಂದರು. ಅಲ್ಲಿಂದ ಇಲ್ಲಿವರೆಗೆ ಯಾರೂ ಅವಳ ಕೈಗೆ ಎಳೆಮಗು ಕೊಟ್ಟಿಲ್ಲ. ಆಮೇಲೆ ಹುಟ್ಟಿದ ಮಗಳು ಚೆನ್ನಾಗಿದ್ದಾಳೆ, ಈಗ ಬಸುರಿ. ಅವಳ ಗಂಡ ಹೊರಗಿನ ಸಂಬಂಧ.

ಈ ಸಲ ಅಮ್ಮನನ್ನು ಬಿಡದೆ ಕೇಳಿದೆ. ಎರಡು ಕೂಸುಗಳೂ ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದವಂತೆ. ಆಮೇಲೆ ಹಾಲು ಬಿಟ್ಟವು, ಕಕ್ಕಿದವು. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ಮಾತ್ರ ಜೋರು. ಎರಡು ದಿನದಲ್ಲಿ ಮುಗಿಯಿತು. ಇದು ಕಾಯಿಲೆ ಇರಬಹುದಾ? ಇಷ್ಟು ವರ್ಷ ಆದ ಮೇಲೆ ತಿಳಿಯಲು ದಾರಿ ಇದೆಯಾ?

ಲ್ಯಾಬ್ ಅಕ್ಕ, ಬೆಂಗಳೂರು:

ನಾನು ನವಜಾತ ಶಿಶುಗಳ ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಮಗ್ಗುಲಲ್ಲಿ ಮಲಗಿದ ಮಗುವಿಗೆ ಉಸಿರು ಕಟ್ಟುವುದು ಉಂಟು, ಸುಳ್ಳಲ್ಲ. ಆದರೆ ಎರಡು ದಿನ ಮೊದಲೇ ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದ ಕೂಸಿನ ಕಥೆ ಅದಲ್ಲ. ಸೋಂಕೂ ಹೀಗೇ ಕಾಣಬಹುದು. ಆದರೆ ಸೋದರಮಾವನ ಸಂಬಂಧ, ಎರಡು ಮಕ್ಕಳು, ಒಂದೇ ಲಕ್ಷಣ ಅಂದಾಗ ನನಗೆ ಮೊದಲು ನೆನಪಾಗುವುದು ಮೀಥೈಲ್‌ಮಲೋನಿಕ್ ಅಸಿಡೀಮಿಯಾ ಥರದ ಕಾಯಿಲೆಗಳು. ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದರೆ ಹಾಲಿನ ಪ್ರೋಟೀನಿನ ಕೆಲವು ಭಾಗಗಳನ್ನು ಕೂಸಿನ ಮೈ ಅರಗಿಸಿಕೊಳ್ಳುವುದಿಲ್ಲ. ಹೊಟ್ಟೆಯೊಳಗಿರುವಷ್ಟು ದಿನ ತಾಯಿಯ ಮೈ ಅದನ್ನು ನೋಡಿಕೊಳ್ಳುತ್ತದೆ. ಹುಟ್ಟಿ ಹಾಲು ಕುಡಿಯತೊಡಗಿದ ಮೇಲೆ ರಕ್ತದಲ್ಲಿ ಆಮ್ಲ ಸೇರುತ್ತದೆ. ಅದನ್ನು ಹೊರಹಾಕಲು ಕೂಸು ಜೋರಾಗಿ ಉಸಿರಾಡುತ್ತದೆ.

ಇದೇ ಕಾಯಿಲೆಗೆ ಅಮೆರಿಕದಲ್ಲಿ ಒಬ್ಬ ತಾಯಿ ಜೈಲಿಗೆ ಹೋದಳು. ಮಿಸೌರಿಯ ಪ್ಯಾಟ್ರಿಷಿಯಾ ಸ್ಟಾಲಿಂಗ್ಸ್. 1989ರಲ್ಲಿ ಅವಳ ಮಗುವಿಗೆ ವಾಂತಿ, ಏದುಸಿರು. ಲ್ಯಾಬ್‌ನವರು ರಕ್ತದಲ್ಲಿ ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಇದೆ ಎಂದರು. ತಾಯಿಯೇ ವಿಷ ಹಾಕಿದಳು ಎಂದಾಯಿತು. ಮಗು ತೀರಿಕೊಂಡಿತು. ಜೈಲಿನಲ್ಲಿದ್ದಾಗ ಇನ್ನೊಂದು ಮಗು ಹುಟ್ಟಿತು. ಅವಳ ಜೊತೆ ಒಂಟಿಯಾಗಿ ಬಿಡದಿದ್ದ ಆ ಮಗುವಿಗೂ ಅದೇ ಲಕ್ಷಣ, ಪರೀಕ್ಷಿಸಿದರೆ ಈ ಕಾಯಿಲೆ. ಆದರೂ ಜ್ಯೂರಿಯ ಕಿವಿಗೆ ಅದು ಬೀಳಲಿಲ್ಲ, ಜೀವಾವಧಿ ಶಿಕ್ಷೆ ಆಯಿತು. ಆಮೇಲೆ ಸೇಂಟ್ ಲೂಯಿಸ್‌ನ ವಿಲಿಯಂ ಸ್ಲೈ ಮತ್ತು ಜೇಮ್ಸ್ ಶೂಮೇಕರ್ ಮೊದಲ ಮಗುವಿನ ರಕ್ತವನ್ನು ಮತ್ತೆ ನೋಡಿದರು. ಲ್ಯಾಬ್ ವಿಷ ಎಂದದ್ದು ಈ ಕಾಯಿಲೆಯಲ್ಲಿ ಮೈಯೇ ತಯಾರಿಸುವ ಪ್ರೊಪಿಯೋನಿಕ್ ಆಮ್ಲ. 1991ರಲ್ಲಿ ಅವಳ ಬಿಡುಗಡೆ ಆಯಿತು. ನನ್ನದೇ ಕೆಲಸದವರು ಪರೀಕ್ಷೆಯ ಗ್ರಾಫಿನ ಒಂದು ಗೆರೆಯನ್ನು ತಪ್ಪು ಓದಿದ್ದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಕಲಕುತ್ತದೆ.

ಈಗ ದಾರಿ ಇದೆ. ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರ ರಕ್ತದಿಂದ ಜೀನ್ ಪರೀಕ್ಷೆ ಮಾಡಬಹುದು. ಇಬ್ಬರಲ್ಲೂ ಒಂದೇ ದೋಷ ಸಿಕ್ಕರೆ ದೊಡ್ಡ ಸುಳಿವು. ಏನೂ ಸಿಗದೆಯೂ ಹೋಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಚಿಕ್ಕಮ್ಮನ ಮಗಳನ್ನೂ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಕರೆದುಕೊಂಡು ಹೋಗಿ. ಗಂಡ ಹೊರಗಿನವರಾದ್ದರಿಂದ ಭಯ ಕಮ್ಮಿ. ಆದರೂ ಮಗು ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿಯ ರಕ್ತ ಪರೀಕ್ಷೆ ಮಾಡಿಸಿ. ಈ ಕಾಯಿಲೆಯ ಕೆಲವು ಬಗೆಗಳಿಗೆ ವಿಟಮಿನ್ ಬಿ12 ಇಂಜೆಕ್ಷನ್ನೇ ಔಷಧಿ.

ಲೆಕ್ಕದ ಮೇಷ್ಟ್ರು, ಧಾರವಾಡ:

ಒಂದು ಮಾತು ಸೇರಿಸುತ್ತೇನೆ. "ಒಂದು ಸಲ ಆದರೆ ವಿಧಿ, ಎರಡು ಸಲ ಅಂದರೆ ಏನೋ ಇದೆ" ಅಂತ ಊರು ಅಂದುಕೊಂಡಿತಲ್ಲ, ಇಂಗ್ಲೆಂಡಿನ ಕೋರ್ಟೂ ಹಾಗೇ ಅಂದುಕೊಂಡಿತ್ತು. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಕೂಸು ತೀರಿಕೊಂಡಿದ್ದವು. ಆಕೆಯದರಂಥ ಅನುಕೂಲಸ್ಥ, ಸಿಗರೇಟು ಸೇದದ ಮನೆಯಲ್ಲಿ ಒಂದು ಮಗು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಾಧ್ಯತೆ 8,543ರಲ್ಲಿ 1, ಎರಡಕ್ಕೆ ಅದನ್ನು ಅದರಿಂದಲೇ ಗುಣಿಸಿ 7.3 ಕೋಟಿಯಲ್ಲಿ 1 ಎಂದು ಡಾಕ್ಟರ್ ರಾಯ್ ಮೆಡೋ ಸಾಕ್ಷಿ ಹೇಳಿದರು. 1999ರಲ್ಲಿ ಮಕ್ಕಳನ್ನು ಕೊಂದಳೆಂದು ಆಕೆಗೆ ಶಿಕ್ಷೆ ಆಯಿತು. ಎರಡೂ ಒಂದೇ ತಂದೆತಾಯಿಯ ಮಕ್ಕಳು, ಬೇರೆ ಬೇರೆ ಲಾಟರಿ ಚೀಟಿಗಳಲ್ಲ. ಹಾಗೆ ಗುಣಿಸುವುದೇ ತಪ್ಪು. ಎರಡನೇ ಮಗುವಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದ ವರದಿ ಕೂಡ ವಿಚಾರಣೆಯಲ್ಲಿ ಹೊರಬಂದಿರಲಿಲ್ಲ. 2003ರಲ್ಲಿ ಬಿಟ್ಟರು. 2007ರಲ್ಲಿ ಆಕೆ ತೀರಿಕೊಂಡರು.

ಅಕ್ಕ ಹೇಳಿದಂಥ ಕಾಯಿಲೆಯಾದರೆ, ಅಪ್ಪ ಅಮ್ಮ ಇಬ್ಬರಲ್ಲೂ ದೋಷ ಇದ್ದಾಗ ಮಗುವಿಗೆ ಬರುವ ಸಾಧ್ಯತೆ ಪ್ರತಿ ಬಸುರಿಗೂ 4ರಲ್ಲಿ 1. ಎರಡಕ್ಕೂ ಬರುವುದು 16ರಲ್ಲಿ 1. ನಮ್ಮ ಬೀದಿಯಲ್ಲೇ ಸಿಗಬಹುದಾದ ಲೆಕ್ಕ ಇದು.

ತಿಪಟೂರು ಕಡೆಯವಳು:

ನಿನ್ನೆ ಚಿಕ್ಕಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಆಮೇಲೆ, "ಕೂಸು ಹಾಲು ಮುಟ್ತಿಲ್ಲ, ಆಸ್ಪತ್ರೆಗೆ ಹೋಗೋಣ ಅಂತ ನಾನು ಎರಡು ಸಲವೂ ಅಂದಿದ್ದೆ" ಅಂದಳು. ಇಷ್ಟು ವರ್ಷದಲ್ಲಿ ಇದನ್ನು ಅವಳ ಬಾಯಿಂದ ಕೇಳಿದ್ದು ಇದೇ ಮೊದಲು. ಪಕ್ಕದಲ್ಲಿದ್ದ ಅಮ್ಮ ಹೌದು ಅಂದಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸೋಮವಾರ ಬೆಂಗಳೂರಿಗೆ ಹೊರಟಿದ್ದೇವೆ, ಚಿಕ್ಕಪ್ಪನೂ ಒಪ್ಪಿದ್ದಾರೆ. ದಾರಿಯುದ್ದಕ್ಕೂ ನನ್ನ ಮಗಳನ್ನು ಎತ್ತಿಕೊಳ್ಳುವ ಕೆಲಸ ನಿನ್ನದೇ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ. ಇನ್ನೂ ಹೂಂ ಅಂದಿಲ್ಲ.